ಎಡಬದಿಯ ಆಟಗಾರ

ವಡೋದರಾ ನಿಲ್ದಾಣದಲ್ಲಿ ಮಗಳ ಕೈಯನ್ನು ತನ್ನ ಕೈಗೆ ಕೊಡುವಾಗ ನಿಶ್ಚಿತಾ ಅದನ್ನು ಒಂದು ಗಳಿಗೆ ಹೆಚ್ಚೇ ಹಿಡಿದುಕೊಂಡಳು ಎಂದು ಸ್ಕಂದನಿಗೆ ಅನ್ನಿಸಿತು. ಅದು ನಿಜವೋ, ಈಚೆಗೆ ಎಲ್ಲರ ಬೆರಳುಗಳಲ್ಲೂ ಅಪನಂಬಿಕೆಯನ್ನು ಹುಡುಕುವ ತನ್ನ ಚಾಳಿಯೋ ತಿಳಿಯಲಿಲ್ಲ. ಅವನು ಅಹಮದಾಬಾದಿನ ಮಣಿನಗರದಲ್ಲಿ ಹತ್ತಿದ್ದ ರೈಲು ಸೂರತ್ತಿಗೆ ಹೋಗುವುದಿತ್ತು, ಅವನು ಬಾಗಿಲಲ್ಲೇ ನಿಂತಿದ್ದ. ಕೆಳಗೆ ಪ್ಲಾಟ್‌ಫಾರ್ಮಿನ ಮೇಲೆ ನಿಶ್ಚಿತಾ, ಭಾನುವಾರವಾದರೂ ಇನ್ಶೂರೆನ್ಸ್ ಆಫೀಸಿಗೆ ಹೊರಟವಳಂತೆ ಬಿಗಿಯಾಗಿ ತಲೆ ಬಾಚಿಕೊಂಡು, ಡಬ್ಬಿಯಲ್ಲಿ ಚಿತ್ರಾನ್ನವಿದೆ, ಹೊರಗಿನದು ಏನೂ ಕೊಡಿಸಬೇಡ, ಸಂಜೆ ಹೊರಡುವ ಮೊದಲು ಫೋನು ಮಾಡು ಎಂದು ಹೇಳುತ್ತಿದ್ದಳು. ಹೇಳುತ್ತಿದ್ದದ್ದು ಅವನಿಗೆ, ನೋಡುತ್ತಿದ್ದದ್ದು ಮಗಳನ್ನು. ಇಬ್ಬರೂ ಬೇರೆಯಾಗಿ ಎರಡು ವರ್ಷವಾಗುತ್ತ ಬಂದಿತ್ತು. ಭಾನುವಾರಗಳು ಮಾತ್ರ ಅವನವು. ರೈಲು ಕದಲಿದಾಗ ಎಂಟು ವರ್ಷದ ಮೇದಿನಿ ತಾಯಿಗೆ ಟಾಟಾ ಮಾಡಿ, ತಂದೆಯ ಅಂಗಿಯ ಚುಂಗು ಹಿಡಿದು ಒಳಗೆ ಎಳೆದಳು. ಬಾಗಿಲ ಹತ್ತಿರ ನಿಲ್ಲಬಾರದಂತೆ. ಅಷ್ಟು ದೊಡ್ಡವರಂತೆ ಮಾತಾಡಲು ಇವಳು ಯಾವಾಗ ಕಲಿತಳು ಎಂದು ಅವನಿಗೆ ನಗು ಬಂತು.

ಕಿಟಕಿಯ ಕಂಬಿಗಳ ನಡುವೆ ಬಿಸಿಲು ಬಿದ್ದು ಎದ್ದು ಬಿದ್ದು ಎದ್ದು ಕಣ್ಣಿಗೆ ಹೊಡೆಯುತ್ತಿತ್ತು. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಕೂತ. ಬೆಳಿಗ್ಗೆ ಅಪ್ಪ ಕೂಡ ಹೀಗೆಯೇ, ಬೇಡ ಎಂದು ನೇರವಾಗಿ ಹೇಳದೆ, ಚಹದ ಲೋಟ ಕೈಗಿಟ್ಟು ನಿಂತುಬಿಟ್ಟಿದ್ದರು. ರಾಣೆಬೆನ್ನೂರಿನಿಂದ ರೈಲ್ವೆ ನೌಕರಿಗೆಂದು ಬಂದು ಮಣಿನಗರದಲ್ಲೇ ನಿವೃತ್ತರಾದ ಉಮಾಕಾಂತರು ನಲವತ್ತು ವರ್ಷ ಗುಜರಾತಿನಲ್ಲಿದ್ದೂ ತಮ್ಮ ಊರಿನ ಮಾತು ಬಿಟ್ಟವರಲ್ಲ. "ನೀ ಒಬ್ಬನ ಹೋಗಿ ಬಾರಪಾ. ಕೂಸು ಯಾಕ ಅಲ್ಲಿ?" ಎಂದಿದ್ದರು. ಅವಳು ನನ್ನ ಆಟ ನೋಡೇ ಇಲ್ಲ ಎಂದು ಇವನು ಹೇಳಿದ್ದ. ಹೇಳಿದ ಮೇಲೆ ಮಾತು ಎಷ್ಟು ಬಡವಾಗಿ ಕೇಳಿಸಿತೆಂದರೆ, ಅಪ್ಪ ಮುಖ ತಿರುಗಿಸಿ ಗ್ಯಾಸು ಆರಿಸಲು ಹೋದರು. ಮಗ ಪರದೇಶದಲ್ಲಿ ಹಾಕಿ ಆಡುತ್ತಾನೆ ಎಂದು ಅವರು ಒಂದು ಕಾಲಕ್ಕೆ ಇಡೀ ರೈಲ್ವೆ ಕಾಲನಿಗೆ ಹೇಳಿಕೊಂಡು ತಿರುಗಿದವರು. ಎಲ್ಲರೂ ಹುಲ್ಲಿನ ಹಾಕಿ ಎಂದೇ ತಿಳಿದು, ಟಿವಿಯಲ್ಲಿ ಭಾರತದ ಪಂದ್ಯ ಬಂದಾಗಲೆಲ್ಲ ನಿಮ್ಮ ಹುಡುಗ ಯಾಕೆ ಕಾಣಿಸಲಿಲ್ಲ ಎಂದು ಕೇಳುತ್ತಿದ್ದರು. ಮೊದಮೊದಲು ಅಪ್ಪ ಮಂಜುಗಡ್ಡೆ, ಸ್ಕೇಟು ಎಂದು ಬಿಡಿಸಿ ಹೇಳಿದರು. ಆಮೇಲೆ ಅವನಿಗೆ ಪೆಟ್ಟಾಗಿದೆ ಎಂದಷ್ಟೇ ಹೇಳತೊಡಗಿದರು. ಅದು ಸುಳ್ಳೂ ಆಗಿರಲಿಲ್ಲ.

ಮಣಿನಗರದ ಸಿಮೆಂಟ್ ರಿಂಕಿನಲ್ಲಿ ಗಾಲಿಗಳ ಮೇಲೆ ಆಡುತ್ತಿದ್ದ ಹುಡುಗ ಮೊದಲ ಸಲ ಲಡಾಖಿನ ಹೆಪ್ಪುಗಟ್ಟಿದ ಕೆರೆಯ ಮೇಲೆ ನಿಂತಾಗ ಕಾಲಡಿಯ ಆ ಗಾಜಿನಂಥ ಮೌನಕ್ಕೆ ಅವನಿಗೆ ಅಳು ಬಂದಿತ್ತು. ಅಲ್ಲಿಂದ ದೇಶದ ತಂಡ, ಅಲ್ಲಿಂದ ಯಾರದೋ ಶಿಫಾರಸು, ಅಲ್ಲಿಂದ ಪೋಲೆಂಡಿನ ಒಂದು ಗಣಿ ಊರು, ಆಮೇಲೆ ರುಮೇನಿಯಾದ ಒಂದು ಗಿರಣಿ ಊರು. ಕೆಳದರ್ಜೆಯ ಲೀಗುಗಳು, ಆದರೂ ಸಂಬಳ ಕೊಟ್ಟು ಆಡಿಸುವ ಲೀಗುಗಳು. ಅವನು ಎಡಬದಿಯ ವಿಂಗರ್, ನಾಲ್ಕನೇ ಸಾಲಿನವನು, ಅಂದರೆ ಕೊನೆಯ ಸರದಿಯಲ್ಲಿ ಇಳಿಯುವವನು. ಗೋಲು ಹೊಡೆಯುವುದಕ್ಕೆ ಬೇರೆಯವರಿದ್ದರು. ಪಕ್ ಎಂಬ ಆ ಕಪ್ಪು ರಬ್ಬರು ಬಿಲ್ಲೆಯನ್ನು ಎದುರಾಳಿಯ ಮೂಲೆಗೆ ಎಸೆದು, ಅದರ ಹಿಂದೆ ಓಡಿ, ಅಂಚಿನ ಹಲಗೆಗೆ ಅದನ್ನು ಒತ್ತಿಹಿಡಿದು, ತನ್ನವರು ಬರುವ ತನಕ ಬೆನ್ನಿನ ಮೇಲೆ ಪೆಟ್ಟು ತಿನ್ನುತ್ತ ನಿಲ್ಲುವುದು ಅವನ ಕೆಲಸ. ಮೂಲೆಗೆ ಮೊದಲು ಹೋದವನೇ ಮೊದಲು ಗೋಡೆಗೆ ಬಡಿಯುತ್ತಿದ್ದ. ಅವನು ಯಾವಾಗಲೂ ಮೊದಲು ಹೋಗುತ್ತಿದ್ದ. ಅದಕ್ಕಾಗಿಯೇ ಗಣಿಯ ಜನ ಅವನ ಹೆಸರನ್ನು ತಮಗೆ ತಿಳಿದ ಹಾಗೆ ಕೂಗಿ ಅಂಚಿನ ಹಲಗೆ ಗುದ್ದುತ್ತಿದ್ದರು. ಮದುವೆಯ ಮೊದಲ ಚಳಿಗಾಲ ಜೊತೆಗಿದ್ದ ನಿಶ್ಚಿತಾ ಪಕ್ಕನ್ನು ಎಂದೂ ನೋಡಲಿಲ್ಲ, ಇವನನ್ನೇ ನೋಡುತ್ತಿದ್ದಳು. ನೀನು ಬಿದ್ದಾಗಲೇ ಇವರು ಚಪ್ಪಾಳೆ ತಟ್ಟೋದು, ಇದೆಂಥ ಆಟ ಎಂದು ಒಂದು ದಿನ ಕೇಳಿದ್ದಳು. ಪೆಟ್ಟು ಬಿದ್ದು ಎದ್ದು ಬಂದಾಗ ತಂಡದ ಡಾಕ್ಟರು ಮುಖದ ಹತ್ತಿರ ಬಂದು, ಇದು ಯಾವ ಊರು, ಸ್ಕೋರು ಎಷ್ಟು, ಕೊನೆಯ ಗೋಲು ಯಾರದು ಎಂದು ಕೇಳುತ್ತಿದ್ದ. ತಪ್ಪು ಹೇಳಿದರೆ ವಾರಗಟ್ಟಲೆ ಹೊರಗೆ, ಹೊರಗೆ ಕೂತರೆ ಮುಂದಿನ ವರ್ಷಕ್ಕೆ ಒಪ್ಪಂದವಿಲ್ಲ. ಅದಕ್ಕೇ ಸ್ಕಂದ ಪ್ರತಿ ಸಲ ಬೆಂಚಿನಿಂದ ಇಳಿಯುವ ಮೊದಲು ಊರು, ಸ್ಕೋರು, ಗೋಲು ಎಂದು ಕನ್ನಡದಲ್ಲಿ ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಳ್ಳುತ್ತಿದ್ದ. ತಲೆಯೊಳಗೆ ಎಲ್ಲ ಕಲಸಿಹೋದಾಗಲೂ ಆ ಪಾಠ ಮಾತ್ರ ಬಾಯಿಗೆ ಬರುತ್ತಿತ್ತು. ಡಾಕ್ಟರು ಬೆನ್ನು ತಟ್ಟಿ ಮತ್ತೆ ಇಳಿಸುತ್ತಿದ್ದ.

ಕೊನೆಯ ಊರಿನಲ್ಲಿ ಬೇರೊಬ್ಬ ಡಾಕ್ಟರು, ನರಗಳ ವೈದ್ಯೆ, ಮೆದುಳಿನ ಚಿತ್ರಗಳನ್ನು ಬೆಳಕಿಗೆ ಹಿಡಿದು ಮೆಲ್ಲಗೆ ಮಾತಾಡಿದಳು. ಇನ್ನು ಒಂದು ಸಣ್ಣ ಪೆಟ್ಟೂ ಕೂಡದು, ಮರೆವು ಹೆಚ್ಚಾಗಬಹುದು, ಸಿಟ್ಟು ಬರಬಹುದು, ಮನೆಯವರಿಗೆ ತಿಳಿಸಿ ಎಂದಳು. ಅವನು ಯಾರಿಗೂ ತಿಳಿಸಲಿಲ್ಲ. ಅಹಮದಾಬಾದಿಗೆ ಬಂದು ಪರದೆ ಎಳೆದುಕೊಂಡು ಕತ್ತಲಲ್ಲಿ ಕೂತ. ಕುಕ್ಕರಿನ ಸಿಳ್ಳೆಗೆ ತಟ್ಟೆ ಎಸೆದ. ಮಗಳ ಹುಟ್ಟುಹಬ್ಬವನ್ನು ಮರೆತ. ನಿಶ್ಚಿತಾ ಮೊದಲು ಅತ್ತಳು, ಆಮೇಲೆ ಜಗಳವಾಡಿದಳು, ಆಮೇಲೆ ವಡೋದರಾಕ್ಕೆ ವರ್ಗ ಮಾಡಿಸಿಕೊಂಡಳು. ನಿನಗೆ ನಾವು ಬೇಡವಾಗಿದ್ದೇವೆ ಎಂದು ಅವಳು ಹೇಳಿದಾಗ ಅವನು ಇಲ್ಲ ಎನ್ನಲಿಲ್ಲ. ಕೆಟ್ಟ ಗಂಡ ಎನ್ನಿಸಿಕೊಳ್ಳುವುದು ತಲೆ ಕೆಟ್ಟವನು ಎನ್ನಿಸಿಕೊಳ್ಳುವುದಕ್ಕಿಂತ ಸುಲಭ ಅನ್ನಿಸಿತ್ತು. ಕೆಟ್ಟ ಗಂಡ ಎಂದಾದರೂ ಒಳ್ಳೆಯವನಾಗಬಹುದು ಎಂದು ಜನ ನಂಬುತ್ತಾರೆ.

ಸೂರತ್ತಿನ ಹೊಸ ಮಾಲ್‌ನ ನಾಲ್ಕನೇ ಮಹಡಿಯಲ್ಲಿ ರಿಂಕು. ಊರಾಚೆಯ ಸಚಿನ್ ಎಂಬಲ್ಲಿ ಬಟ್ಟೆ ಕಾರ್ಖಾನೆ ಇಟ್ಟುಕೊಂಡ ಯಾರೋ ಸೇಠ್ ಕಟ್ಟಿಸಿದ್ದು. ಮ್ಯಾನೇಜರ್ ಚೇತನ್ ದಾವಣಗೆರೆಯ ಹುಡುಗ, ಕನ್ನಡ ಸಂಘದ ಊಟದಲ್ಲಿ ಸಿಕ್ಕಿದ್ದವನು. ಇವತ್ತಿನ ಪ್ರದರ್ಶನ ಚೆನ್ನಾಗಿ ಆದರೆ ಸೇಠ್ ನಿಮ್ಮನ್ನೇ ಮುಖ್ಯ ಕೋಚ್ ಮಾಡ್ತಾರೆ ಸರ್, ನಾನು ಮಾತಾಡಿದೀನಿ ಎಂದು ಅವನು ಮತ್ತೆ ಮತ್ತೆ ಹೇಳಿದ. ಮಂಜು ಮೆತ್ತಗಿತ್ತು, ಒಂದು ಮೂಲೆಯಲ್ಲಿ ನೀರು ನಿಂತಿತ್ತು. ಸ್ಕಂದ ಬೆಂಚಿನ ಮೇಲೆ ಕೂತು ಮೇದಿನಿಯ ಪುಟ್ಟ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಬಾಡಿಗೆಯ ಸ್ಕೇಟಿನ ಲೇಸು ಕಟ್ಟಿದ. ಕಣಕಾಲು ಅಲುಗಬಾರದು, ಬೆರಳು ಮಾತ್ರ ಆಡಬೇಕು. ಆ ಗಂಟು ಹಾಕುವುದರಲ್ಲಿ ಅವನ ಕೈಗೆ ಯಾವ ಮರೆವೂ ಇರಲಿಲ್ಲ. ಅವಳು ಅವನ ತಲೆಯ ಮೇಲೆ ಕೈಯಿಟ್ಟು ಸಮತೋಲ ಮಾಡಿಕೊಂಡು ನಿಂತಾಗ, ಇದೊಂದಕ್ಕಾಗಿ ಅಷ್ಟು ಚಳಿಗಾಲಗಳೂ ಸರಿಯೇನೋ ಎಂಬ ಯೋಚನೆ ಬಂದು, ನಾಚಿಕೆಯಾಗಿ, ಬಗ್ಗಿ ಇನ್ನೊಂದು ಕಾಲಿನ ಲೇಸು ಎಳೆದ.

ಮೈಕು ಹಿಡಿದ ಹುಡುಗಿ ಅವನನ್ನು ಸ್ಕೇಟಿಂಗ್ ಚಾಂಪಿಯನ್ ಎಂದು ಪರಿಚಯಿಸಿದಳು. ಅವನ ಜರ್ಸಿಯ ಬೆನ್ನ ಮೇಲೆ ಸೇಠ್‌ನ ಸೀರೆಯ ಬ್ರಾಂಡು, ಅದರ ಕೆಳಗೆ ಸಣ್ಣದಾಗಿ ಅವನ ಹೆಸರು. ಹಾಡು ಹಾಕಿದರು. ಟಿವಿಯಲ್ಲಿ ನೋಡಿದಂತೆ ಒಂಟಿಗಾಲಿನಲ್ಲಿ ಗಿರಗಿರ ತಿರುಗಲಿ ಎಂದು ಮಕ್ಕಳು ಕೂಗಿದರು. ಅವನಿಗೆ ಅದು ಬರುತ್ತಿರಲಿಲ್ಲ. ಹಾಕಿಯವರು ತಿರುಗುವುದಿಲ್ಲ ಎಂದು ಮೈಕಿನಲ್ಲಿ ಹೇಳುವುದು ಹೇಗೆ? ಅವನು ಒಂದು ತುದಿಯಿಂದ ಜೋರಾಗಿ ಬಂದು, ತಾನು ಬಲ್ಲ ಒಂದೇ ಚಂದದ ಕೆಲಸವೆಂಬಂತೆ, ಅಡ್ಡಕ್ಕೆ ತಿರುಗಿ ಥಟ್ಟನೆ ನಿಂತ. ಎದ್ದ ಮಂಜಿನ ಪುಡಿ ಮುಂದಿನ ಸಾಲಿನ ಹೆಂಗಸರ ಸೀರೆಗೆ ರಾಚಿತು. ಯಾರೋ ಬೈದರು, ಯಾರೋ ನಕ್ಕರು. ಮೇದಿನಿ ಮಾತ್ರ ಅಂಚಿನ ಕಂಬಿ ಹಿಡಿದು ಬಾಯಿ ತೆರೆದು ನೋಡುತ್ತಿದ್ದಳು. ಆಮೇಲೆ ಊರಿನ ರೋಲರ್ ಹುಡುಗರ ಜೊತೆ ಆಟವಾಡಿಸಿದರು. ಪಕ್ ಮೂಲೆಗೆ ಹೋಯಿತು. ಬಿಟ್ಟುಬಿಡಬಹುದಿತ್ತು. ಪಂದ್ಯವಲ್ಲ, ಅಂಕವಿಲ್ಲ, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಮಗಳು ನೋಡುತ್ತಿದ್ದಳು, ಕಾಲು ತಾನಾಗಿ ಹೊರಟಿತು. ಅವನು ಮೊದಲು ಹೋದ. ಹಿಂದಿನಿಂದ ಬಂದ ಹುಡುಗನಿಗೆ ನಿಲ್ಲಿಸಲು ಬರಲಿಲ್ಲ. ದೊಡ್ಡ ಪೆಟ್ಟೇನಲ್ಲ, ತಲೆ ಗಾಜಿಗೆ ತಾಗಿದ ಸದ್ದು ಅವನೊಬ್ಬನಿಗೇ ಕೇಳಿಸಿರಬೇಕು. ಎದ್ದು ನಕ್ಕು, ಹುಡುಗನ ಬೆನ್ನು ತಟ್ಟಿ ಚಪ್ಪಾಳೆ ಹಾಕಿಸಿದ. ಆರಾಮಾ ಸರ್ ಎಂದು ಚೇತನ್ ಕೇಳಿದಾಗ ಸೂರತ್, ಭಾನುವಾರ, ಆರಾಮ ಎಂದ. ಚೇತನ್ ಅದನ್ನು ತಮಾಷೆ ಎಂದುಕೊಂಡು ನಕ್ಕು, ಸೇಠ್‌ಗೆ ಖುಷಿಯಾಗಿದೆ ಎಂದು ಹೇಳಿ ಅತಿಥಿಗಳ ಕಡೆಗೆ ಓಡಿದ.

ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ಎಲ್ಲವೂ ವಿಪರೀತ ಬೆಳ್ಳಗೆ ಕಾಣುತ್ತಿತ್ತು, ಮತ್ತು ಎಲ್ಲವೂ ಹಗುರವಾಗಿತ್ತು. ಸ್ಕೇಟುಗಳನ್ನು ಒರೆಸಿ ಚೀಲಕ್ಕೆ ಹಾಕಿದ. ಹೆಲ್ಮೆಟ್, ಗ್ಲೌಸು, ಎರಡು ಸ್ಟಿಕ್ಕುಗಳನ್ನು ಕಟ್ಟಿದ ಪಟ್ಟಿ. ಪಂದ್ಯ ಮುಗಿದ ಮೇಲೆ ಎಷ್ಟೋ ಊರುಗಳಲ್ಲಿ ಮಾಡಿದ ಹಾಗೆಯೇ ಕೈ ಒಂದಾದ ಮೇಲೊಂದು ಮುಟ್ಟಿ ನೋಡಿತು. ಎಲ್ಲ ಇದೆ. ಹಿಂದಿನ ಬಾಗಿಲು, ಲಿಫ್ಟು, ರಸ್ತೆಯ ಬಿಸಿಗಾಳಿ, ರಿಕ್ಷಾ, ನಿಲ್ದಾಣ. ರೈಲಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿ, ಚೀಲವನ್ನು ಕಾಲ ನಡುವೆ ಇಟ್ಟುಕೊಂಡು ಹಣೆಯನ್ನು ಕಂಬಿಗೆ ಆನಿಸಿದಾಗ, ಮೈಯೊಳಗೆ ಬಹಳ ಹಳೆಯ ಸುಖವೊಂದು ಇಳಿಯಿತು. ಆಟ ಮುಗಿದಿದೆ, ಯಾರೂ ಹೊರಗೆ ಹಾಕಲಿಲ್ಲ, ಬಸ್ಸು ಹೊರಟಿದೆ. ಬೆಟ್ಟದ ದಾರಿಯಲ್ಲಿ ಹಿಮ ಸುರಿಯುತ್ತಿತ್ತು. ಅಲ್ಲ, ಅದು ಹೊರಗಿನ ಹತ್ತಿ ಹೊಲ. ಅವನು ನಿದ್ದೆಹೋದ.

ಚಕ್ರದ ಸದ್ದು ಟೊಳ್ಳಾದಾಗ ಎಚ್ಚರವಾಯಿತು. ಅಂಕಲೇಶ್ವರ ದಾಟಿ ನರ್ಮದೆಯ ಸೇತುವೆಯ ಮೇಲೆ ರೈಲು ಹೋಗುತ್ತಿತ್ತು. ಎದುರಿನ ಸೀಟಿನವನು ತನ್ನ ಮಗಳನ್ನು ಎತ್ತಿ ಕಿಟಕಿಗೆ ಹಿಡಿದಿದ್ದ. ಅವಳ ಮುಷ್ಟಿಯಲ್ಲಿ ನಾಣ್ಯ. ಹಾಕು, ನರ್ಮದಾ ಮಾತೆಗೆ ಹಾಕು ಎಂದು ಗುಜರಾತಿಯಲ್ಲಿ ಹೇಳುತ್ತಿದ್ದ. ಹುಡುಗಿ ಕಾಲು ಒದರುತ್ತ ನಗುತ್ತಿದ್ದಳು. ಆ ಒದರುವ ಕಾಲುಗಳನ್ನು ಸ್ಕಂದ ಸುಮ್ಮನೆ ನೋಡುತ್ತಿದ್ದ. ಚಪ್ಪಲಿ ಹಾಕಿದ ಸಣ್ಣ ಕಾಲುಗಳು. ಮೊದಲು ನೆನಪಾದದ್ದು ಹೆಸರಲ್ಲ, ಮುಖವೂ ಅಲ್ಲ, ತನ್ನ ತೊಡೆಯ ಮೇಲಿದ್ದ ಭಾರ. ತಾನು ಬಿಗಿದ ಗಂಟು. ಆ ಗಂಟನ್ನು ತಾನು ಬಿಚ್ಚಿಲ್ಲ. ನದಿ ಮುಗಿಯುವುದೇ ಇಲ್ಲವೆಂಬಂತೆ ಕೆಳಗೆ ಹರಡಿಕೊಂಡಿತ್ತು. ಅವನು ಎದ್ದು ನಿಂತ. ಕಿರುಚಿದನೋ ಇಲ್ಲವೋ, ಎದುರಿನವನು ಮಗಳನ್ನು ಎದೆಗೆ ಅವಚಿಕೊಂಡು ಹಿಂದೆ ಸರಿದ.

ಭರೂಚಿನಲ್ಲಿ ರೈಲು ಪೂರ್ತಿ ನಿಲ್ಲುವ ಮೊದಲೇ ಇಳಿದ. ಚೀಲ, ಸ್ಟಿಕ್ಕು ಎಲ್ಲ ರೈಲಿನಲ್ಲೇ ಹೋದವು, ಅದು ಅವನಿಗೆ ಗೊತ್ತಾದದ್ದು ಬಹಳ ಹೊತ್ತಿನ ಮೇಲೆ. ಜೇಬಿನಲ್ಲಿ ಸದ್ದಡಗಿಸಿ ಇಟ್ಟಿದ್ದ ಫೋನಿನ ತುಂಬ ಚೇತನ್‌ನ ಕರೆಗಳು, ನಿಶ್ಚಿತಾಳ ಕರೆಗಳು. ನಿಶ್ಚಿತಾಳಿಗೆ ಹಚ್ಚಿದ. ಎಲ್ಲಿದೀಯ ಎಂದಳು. ಭರೂಚ್ ಎಂದ. ಅವಳ ಹಿಂದೆಯೂ ಒಂದು ನಿಲ್ದಾಣದ ಗದ್ದಲವಿತ್ತು. ಮೇದಿನಿ ರಿಂಕಲ್ಲೇ ಇದಾಳೆ, ಯಾರದೋ ಫೋನಿಂದ ನಂಗೆ ಮಾಡಿದ್ಳು, ನಾನು ಹೊರಟಿದೀನಿ ಎಂದಷ್ಟೇ ಹೇಳಿ ಇಟ್ಟಳು. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ಸೂರತ್ ಕಡೆಯ ರೈಲು ಹೊರಡುತ್ತಿತ್ತು. ಓಡಿ ಹತ್ತಿದ. ಸೀಟಿದ್ದರೂ ಕೂರಲಿಲ್ಲ. ಅದೇ ಸೇತುವೆ, ಅದೇ ನೀರು ಮತ್ತೆ ಬಂದಾಗ ಕಣ್ಣು ಮುಚ್ಚಿಕೊಂಡ. ಯಾರೋ ಕದ್ದುಕೊಂಡು ಹೋಗಿದ್ದರೆ, ಬಿದ್ದಿದ್ದರೆ ಎಂಬ ಯೋಚನೆಗಳು ಬರಬೇಕಿತ್ತು. ಬಂದದ್ದು ಬೇರೆಯೇ. ಅವಳಿಲ್ಲದ ಆ ದಾರಿಯಲ್ಲಿ ತಾನು ಎಷ್ಟು ಸುಖವಾಗಿದ್ದೆ ಎಂಬುದು. ನೆನಪು ಹೋಗಿದ್ದು ಕ್ಷಮಿಸುವಂಥದ್ದಿರಬಹುದು, ಆ ಸುಖವನ್ನು ಯಾರು ಕ್ಷಮಿಸುತ್ತಾರೆ?

ರಿಂಕಿನ ಸ್ಕೇಟು ಬಾಡಿಗೆ ಕೊಡುವ ಕೌಂಟರಿನ ಹಿಂದೆ, ಎತ್ತರದ ಸ್ಟೂಲಿನ ಮೇಲೆ ಮೇದಿನಿ ಕೂತಿದ್ದಳು. ಕಾಲಲ್ಲಿ ಸ್ಕೇಟುಗಳು ಹಾಗೇ ಇದ್ದವು. ಕೌಂಟರಿನ ಶಕುಂತಲಾ ಎಂಬ ಮರಾಠಿ ಹೆಂಗಸು, ಬಿಚ್ಚಲು ನೋಡಿದರೆ ಹುಡುಗಿ ಬಿಡಲಿಲ್ಲ, ಪಪ್ಪಾನೇ ಬಿಚ್ಚಬೇಕು ಅಂತಾಳೆ ಎಂದು ಹಿಂದಿಯಲ್ಲಿ ಹೇಳಿದಳು. ಬೈಯಬೇಕೆಂದೇ ಕಾದಿದ್ದವಳು ಅವನ ಮುಖ ನೋಡಿ ದನಿ ತಗ್ಗಿಸಿದಳು. "ಅಳಲೇ ಇಲ್ಲ ಭಾಯ್. ನನಗೇ ಸಮಾಧಾನ ಹೇಳ್ತಾಳೆ. ಪಪ್ಪಾ ಭೂಲ್ ಜಾತೇ ಹೈಂ, ಪರ್ ಆ ಜಾತೇ ಹೈಂ ಅಂತ."

ಮರೆತುಬಿಡುತ್ತಾರೆ, ಆದರೆ ಬಂದುಬಿಡುತ್ತಾರೆ. ಸ್ಕಂದ ನೆಲದ ಮೇಲೆ ಕೂತು ಲೇಸಿಗೆ ಕೈ ಹಚ್ಚಿದ. ತಾನೇ ಬಿಗಿದ ಗಂಟು ಬೇಗ ಬಿಚ್ಚಲಿಲ್ಲ. ಮೇದಿನಿ ಬಗ್ಗಿ ಅವನ ಕಿವಿಯಲ್ಲಿ, ತನ್ನ ಹರಕು ಕನ್ನಡದಲ್ಲಿ, ಇವತ್ತು ನಾನು ಅಮ್ಮಂಗೆ ಫೋನ್ ಮಾಡಲ್ಲ ಅಂತ ಇದ್ದೆ, ಆದ್ರೆ ಆಂಟಿ ಬಹುತ್ ಪೂಛಿ, ಕೇಳ್ತಾನೇ ಇದ್ರು ಎಂದಳು. ಹೋದ ತಿಂಗಳು ವಡೋದರಾದಲ್ಲಿ ಅವನು ಬೇರೆ ಊರಿನ ರೈಲು ಹತ್ತಿದ್ದಾಗ ಅವಳು ಬಾತ್‌ರೂಮು ಎಂದು ಹಟ ಹಿಡಿದು ಇಳಿಸಿದ್ದು, ಹೋಟೆಲಿನಲ್ಲಿ ಎರಡು ಸಲ ಊಟ ಹೇಳಿದಾಗ ಹಸಿವು ಎಂದು ಎರಡನ್ನೂ ತಿಂದದ್ದು, ಪಾರ್ಕಿನಿಂದ ಹೊರಡುವಾಗಲೆಲ್ಲ ಅವನ ಅಂಗಿಯ ಚುಂಗು ಹಿಡಿಯುವುದು, ಎಲ್ಲವೂ ಒಂದೊಂದಾಗಿ ಅವನೆದುರು ಬಂದು ಕೂತವು. ತಾನು ಮಗಳನ್ನು ಸುತ್ತಿಸುತ್ತಿದ್ದೇನೆ ಎಂದುಕೊಂಡಿದ್ದ ಭಾನುವಾರಗಳಲ್ಲಿ ಈ ಎಂಟು ವರ್ಷದವಳು ತನ್ನನ್ನು ಕಾಯುತ್ತಿದ್ದಳು. ಕಾಯುತ್ತ, ಅದು ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿಡುತ್ತಿದ್ದಳು. ಮುಚ್ಚಿಡುವುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ರಕ್ತದಲ್ಲೇ ಬಂದಿರಬೇಕು.

ನಿಶ್ಚಿತಾ ಬಂದಾಗ ಒಂದು ಸ್ಕೇಟು ಮಾತ್ರ ಬಿಚ್ಚಿತ್ತು. ಅವಳು ಓಡಿ ಬರಲಿಲ್ಲ, ಬಹಳ ನಿಧಾನವಾಗಿ ನಡೆದುಬಂದಳು. ಯಾರೂ ಬಾಯಿ ತೆರೆಯುವ ಮೊದಲೇ ಮೇದಿನಿ ಹೇಳಿದಳು. "ಅಮ್ಮಾ, ನನ್ ತಪ್ಪು. ನಾನು ಹೈಡ್ ಮಾಡ್ದೆ. ಪಪ್ಪಾ ಹುಡುಕ್ತಾನೇ ಇದ್ರು, ಮೈ ನಹೀ ಮಿಲೀ."

ನಿಶ್ಚಿತಾಳ ಮುಖದಲ್ಲಿ ಏನೋ ಸಡಿಲವಾದದ್ದನ್ನು ಸ್ಕಂದ ಕಂಡ. ಅವಳಿಗೆ ಅದನ್ನು ನಂಬುವುದು ಬೇಕಾಗಿತ್ತು. ಭರೂಚಿಗೂ ಈ ಕತೆಗೂ ಹೊಂದುವುದಿಲ್ಲ ಎಂದು ತಿಳಿದೂ ಬೇಕಾಗಿತ್ತು. ಮಗಳ ರಟ್ಟೆ ಹಿಡಿದು ಅಲುಗಿಸಿ, ಎಷ್ಟು ಸಲ ಹೇಳಿದೀನಿ ನಿಂಗೆ ಎಂದು ಬೈಯತೊಡಗಿದಳು. ಮೇದಿನಿ ತಲೆ ತಗ್ಗಿಸಿ ಬೈಗುಳ ತಿನ್ನುತ್ತ ನಿಂತಳು. ಒಂದು ಕಾಲಿನಲ್ಲಿ ಸ್ಕೇಟು ಇದ್ದದ್ದರಿಂದ ಅವಳು ವಾಲಿಕೊಂಡಿದ್ದಳು. ಸುಮ್ಮನಿದ್ದರೆ ಸಾಕಿತ್ತು. ಮುಂದಿನ ಭಾನುವಾರ ಇರುತ್ತಿತ್ತು, ಅದರ ಮುಂದಿನದೂ ಇರುತ್ತಿತ್ತು. ಅವನು ಸುಮ್ಮನಿದ್ದ, ಒಂದೆರಡು ಉಸಿರಿನಷ್ಟು ಹೊತ್ತು ನಿಜವಾಗಿಯೂ ಸುಮ್ಮನಿದ್ದ, ಮತ್ತು ಆ ಹೊತ್ತಿನಲ್ಲಿ ತನಗಾದ ನಿರಾಳವನ್ನು ಕಂಡು ಅವನಿಗೆ ಹೇಸಿಗೆಯಾಯಿತು. ಮಗಳು ತನ್ನ ಹಾಗೆಯೇ ಗೋಡೆಗೆ ಒತ್ತಿಕೊಂಡು ಪೆಟ್ಟು ತಿನ್ನುತ್ತಿದ್ದಳು, ತನ್ನವರು ಬರಲಿ ಎಂದು.

"ಬಿಡು ಅವಳನ್ನ," ಎಂದ. "ಅವಳು ಸುಳ್ಳು ಹೇಳ್ತಿದಾಳೆ. ನಾನು ಮರೆತೆ."

"ಬಿಟ್ಟು ಹೋದೆ ಅನ್ನು."

"ಅಲ್ಲ. ಅವಳು ಇದಾಳೆ ಅನ್ನೋದೇ ಮರೆತೆ. ರೈಲಲ್ಲಿ ಆರಾಮಾಗಿ ಮಲಗಿದ್ದೆ."

ಆಮೇಲೆ ಉಳಿದದ್ದನ್ನೂ ಹೇಳಿದ. ಆ ವೈದ್ಯೆ, ಆ ಚಿತ್ರಗಳು, ಬಾಯಿಪಾಠ, ಕತ್ತಲ ಕೋಣೆ. ಹೇಳುತ್ತ ಹೋದಂತೆ ಮಾತುಗಳು ತಡವರಿಸಿದವು, ಒಂದೆರಡು ಊರುಗಳ ಹೆಸರು ಬರಲೇ ಇಲ್ಲ. ಶಕುಂತಲಾ ಕನ್ನಡ ತಿಳಿಯದಿದ್ದರೂ ಎದ್ದು ಆಚೆ ಹೋದಳು. ನಿಶ್ಚಿತಾ ಸ್ಟೂಲಿನ ಮೇಲೆ ಕೂತಳು. ಎರಡು ವರ್ಷ ನಾನು ಯಾರ ಮೇಲೆ ಸಿಟ್ಟು ಮಾಡ್ಕೊಂಡಿದ್ದೆ ಹಾಗಾದ್ರೆ ಎಂದು ತನ್ನನ್ನೇ ಕೇಳಿಕೊಂಡಳು. ಅವನ ಕಡೆ ಕೈ ಚಾಚಬಹುದೇನೋ ಅನ್ನಿಸಿತು, ಚಾಚಲಿಲ್ಲ. ಇನ್ನು ಮೇಲೆ ಮನೆಗೆ ಬಂದು ನೋಡು, ನಾನಿದ್ದಾಗ, ಎಂದಳು. ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ವಾದಿಸಬಹುದಿತ್ತು. ಮೇದಿನಿ ಮಾತ್ರ ಅವನನ್ನು ದಿಟ್ಟಿಸುತ್ತಿದ್ದಳು. ಇಷ್ಟು ಹೊತ್ತೂ ಅಳದವಳ ಕಣ್ಣುಗಳು ಈಗ ತುಂಬಿದ್ದವು. "ಯಾಕೆ ಹೇಳ್ದೆ?" ಎಂದಳು. "ಅಬ್ ಸಂಡೇ ಖತಮ್." ಇನ್ನೊಂದು ಸ್ಕೇಟನ್ನು ಅವನು ಬಿಚ್ಚಲು ಹೋದಾಗ ಕಾಲು ಎಳೆದುಕೊಂಡಳು. ನಿಶ್ಚಿತಾ ಬಿಚ್ಚಿದಳು.

ಮೂವರೂ ಒಂದೇ ರೈಲಿನಲ್ಲಿ ಹೊರಟರು. ಮೇದಿನಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ತಿರುಗಲಿಲ್ಲ. ಡಬ್ಬಿಯ ಚಿತ್ರಾನ್ನ ಮುಟ್ಟದೆ ಹಾಗೇ ಇತ್ತು, ನಿಶ್ಚಿತಾ ಅದನ್ನು ಬಿಚ್ಚಿ ಮುಚ್ಚಳದಲ್ಲಿ ಅವನಿಗೂ ಒಂದಿಷ್ಟು ಹಾಕಿಕೊಟ್ಟಳು. ಗಂಡ ಹೆಂಡತಿ ಮಗಳು ಎಲ್ಲಿಗೋ ಹೋಗಿ ಬರುತ್ತಿದ್ದಾರೆ ಎಂದು ನೋಡಿದವರು ತಿಳಿದಿರಬೇಕು. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಗುಜರಾತಿ ವ್ಯಾಪಾರಿಯೊಬ್ಬ ಹುಡುಗಿಗೆ ಶೇಂಗಾ ಚಿಕ್ಕಿ ಕೊಡಲು ಬಂದ, ಅವಳು ತೆಗೆದುಕೊಳ್ಳಲಿಲ್ಲ. ವಡೋದರಾ ಬರುವ ಹೊತ್ತಿಗೆ ಹೊರಗೆ ದೀಪಗಳು ಹತ್ತಿದ್ದವು. ನಿಶ್ಚಿತಾ ಎದ್ದಳು. ಮೇದಿನಿ ಎದ್ದಳು. ಅವನ ಮೊಣಕಾಲಿನ ಪಕ್ಕದಿಂದ ದಾಟಿಹೋಗುವಾಗ ಅವಳ ಕೈ ಅಭ್ಯಾಸಬಲದಿಂದ ಅವನ ಅಂಗಿಯ ಚುಂಗಿಗೆ ಬಂತು. ಬಂದದ್ದು ತಿಳಿದು ಹಿಂದೆ ಹೋಯಿತು.

ಕೆಳಗಿಳಿದ ಮೇಲೆ ನಿಶ್ಚಿತಾ ಮಗಳನ್ನು ಕಂಬದ ಹತ್ತಿರ ನಿಲ್ಲಿಸಿ ಕಿಟಕಿಯ ಬಳಿ ಬಂದಳು. ತನಗೇನೋ ಹೇಳುತ್ತಾಳೆಂದು ಸ್ಕಂದ ಕಂಬಿಗೆ ಮುಖ ತಂದ. ಅವಳು ಅವನನ್ನು ದಾಟಿ, ಪಕ್ಕದ ವ್ಯಾಪಾರಿಯನ್ನು ನೋಡಿ, ಮೆಲ್ಲಗೆ, ಅವನಿಗೆ ಕೇಳಿಸಬಾರದೆಂಬಂತೆ ಹೇಳಿದಳು. "ಕಾಕಾ, ಇನ್ಕೋ ಮಣಿನಗರ್ ಮೇಂ ಉತಾರ್ ದೇನಾ. ಇವರ ತಂದೆಗೆ ಸ್ಟೇಷನ್ನಿಗೆ ಬರೋಕೆ ಹೇಳಿದೀನಿ" ಎಂಬ ಕೊನೆಯ ಮಾತು ಕನ್ನಡದಲ್ಲಿ ಬಂತೆಂದು ಗೊತ್ತಾಗಿ, ಅದನ್ನು ಮತ್ತೆ ಹಿಂದಿಯಲ್ಲಿ ಹೇಳಿದಳು. ಮುದುಕ ಎರಡೂ ಕೈ ಎತ್ತಿ, ಚಿಂತೆ ಬಿಡು ಮಗಳೇ, ಮಣಿನಗರದಲ್ಲಿ ನಾನೇ ಇಳಿಸುತ್ತೇನೆ ಎಂದ.

ರೈಲು ಹೊರಟಿತು. ಸ್ಕಂದ ಹುಟ್ಟಿದ ದಿನದಿಂದ ನೋಡಿದ ದಾರಿ ಅದು, ರೈಲ್ವೆಯವರ ಮಗ, ಒಂದೊಂದು ಸಿಗ್ನಲ್ಲೂ ಗೊತ್ತು. ಹಾಗೆಂದು ಮುದುಕನಿಗೆ ಹೇಳಬೇಕು ಅನ್ನಿಸಿತು. ಆನಂದ್ ಬಂತು. ಮುದುಕ ಅವನ ಮೊಣಕೈ ಮುಟ್ಟಿ, ಇದಲ್ಲ ಎಂದು ತಲೆಯಾಡಿಸಿದ. ನಡಿಯಾದ್ ಬಂತು. ಇದೂ ಅಲ್ಲ. ವಟ್ವಾದ ಬಣ್ಣದ ಕಾರ್ಖಾನೆಗಳ ಹುಳಿ ವಾಸನೆ ಒಳಗೆ ಬಂದಾಗ ಮುಂದಿನದೇ ತನ್ನದೆಂದು ಅವನ ಮೂಗಿಗೇ ಗೊತ್ತಾಯಿತು. ಆದರೂ ಅವನು ಏಳಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಮುದುಕ ಹೇಳಲಿ ಎಂದು ಕಾಯುತ್ತ ಕೂತ.